ಗಣಕಯಂತ್ರದಲ್ಲಿ ಅಂಕೆಗಳ ನಡಿಗೆ

ಲೆಕ್ಕ ತಪ್ಪುವುದು ಎರಡು ಬಗೆ. ಕೂಡುವವನ ಕೈತಪ್ಪಿನಿಂದ ಲೆಕ್ಕ ತಪ್ಪುವುದು ಒಂದು ಬಗೆ. ಇದು ನಮಗೆಲ್ಲ ಚಿಕ್ಕಂದಿನಿಂದ ಪರಿಚಿತ. ಅಂಕೆಗಳೆಲ್ಲ ಸರಿಯಾಗಿಯೇ ಇದ್ದು, ಬರೆದವನೂ ಸರಿಯಾಗಿಯೇ ಬರೆದಿದ್ದು, ಓದುವವನು ಮಾತ್ರ ಬೇರೊಂದು ತುದಿಯಿಂದ ಓದಿದ ಕಾರಣ ತಪ್ಪುವುದು ಇನ್ನೊಂದು ಬಗೆ. ಗಣಕಯಂತ್ರವು ಮೊದಲನೆಯ ಬಗೆಯ ತಪ್ಪನ್ನು ಮಾಡುವುದಿಲ್ಲವೆಂದೇ ಹೇಳಬಹುದು. ಎರಡನೆಯದನ್ನು ಮಾತ್ರ, ನಾವು ಎಚ್ಚರ ತಪ್ಪಿದರೆ, ಅದು ಯಾವ ಸಂಕೋಚವೂ ಇಲ್ಲದೆ ಮಾಡುತ್ತದೆ. ಮಾಡಿದುದು ತಪ್ಪೆಂದು ಅದಕ್ಕೆ ತಿಳಿಯುವುದೂ ಇಲ್ಲ. ಗಣಕದೊಳಗಿನ ಬೈಟುಗಳು ಪೂರ್ಣಾಂಕಗಳಾಗುವುದು ಹೇಗೆ, ಪೂರ್ಣಾಂಕಗಳು ಮತ್ತೆ ಬೈಟುಗಳಾಗುವುದು ಹೇಗೆ, ಆ ಮಾರ್ಪಾಟಿನಲ್ಲಿ ಲೆಕ್ಕ ಕೆಡುವುದು ಎಲ್ಲಿ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಪ್ರೋಗ್ರಾಮು ಬರೆಯುವುದನ್ನು ಐಚ್ಛಿಕ ವಿಷಯವಾಗಿ ಕಲಿತವನು. ಸಾಹಿತ್ಯವನ್ನೂ ಇತಿಹಾಸವನ್ನೂ ಓದುವ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದಾಗಿ ಬಿನ್ನಹ. ಇಲ್ಲಿ ಬರುವ ಗಣಿತವೆಲ್ಲ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯದು. ಗುಣಾಕಾರ, ಭಾಗಾಕಾರ, ಶೇಷ ಇಷ್ಟು ಬಂದರೆ ಸಾಕು.

ನಮ್ಮ ಮನೆಗಳಲ್ಲಿರುವ ಪಹಣಿಯಿಂದಲೇ ಆರಂಭಿಸೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗನ ಮನೆಯಲ್ಲಿ ಪಹಣಿ ಪತ್ರಿಕೆ ಇಲ್ಲದಿರುವುದು ಅಪರೂಪ. ಅದರಲ್ಲಿ ಕ್ಷೇತ್ರವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆದಿರುತ್ತಾರೆ. ಆಣೆಯ ನಾಣ್ಯದ ಕಾಲ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದೊಡನೆ ತೀರಿತು. ನೆಲದ ಆಣೆ ಮಾತ್ರ ಉಳಿಯಿತು. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿದ ತರುವಾಯವೂ ಅದು ಹೋಗಲಿಲ್ಲ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ.

ಒಂದು ಸರ್ವೆ ನಂಬರಿನ ಕ್ಷೇತ್ರ 2 ಎಕರೆ 13 ಗುಂಟೆ 5 ಆಣೆ ಎಂದು ಇಟ್ಟುಕೊಳ್ಳಿ. ಇದನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕಾದರೆ ಮೊದಲು ಒಂದೇ ಸಂಖ್ಯೆಗೆ ತರಬೇಕು. 2 ಎಕರೆಯನ್ನು 40ರಿಂದ ಗುಣಿಸಿ 13 ಕೂಡಿಸಿದರೆ 93 ಗುಂಟೆ. ಅದನ್ನು 16ರಿಂದ ಗುಣಿಸಿ 5 ಕೂಡಿಸಿದರೆ 1493 ಆಣೆ. ತಿರುಗಿ ಬರಬೇಕಾದರೆ 1493ನ್ನು 16ರಿಂದ ಭಾಗಿಸಬೇಕು. ಶೇಷ 5 ಆಣೆಯಾಯಿತು, ಭಾಗಲಬ್ಧ 93. ಅದನ್ನು 40ರಿಂದ ಭಾಗಿಸಿದರೆ ಶೇಷ 13 ಗುಂಟೆ, ಭಾಗಲಬ್ಧ 2 ಎಕರೆ. ಬೈಟುಗಳಿಂದ ಪೂರ್ಣಾಂಕ ಮಾಡುವ ವಿದ್ಯೆಯೂ ಪೂರ್ಣಾಂಕವನ್ನು ಬೈಟುಗಳಾಗಿ ಬಿಡಿಸುವ ವಿದ್ಯೆಯೂ ಇಷ್ಟೇ. ಹೋಗುವಾಗ ಗುಣಿಸಿ ಕೂಡಿಸುವುದು, ಬರುವಾಗ ಭಾಗಿಸಿ ಶೇಷ ತೆಗೆಯುವುದು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಪಹಣಿಯ ಮೂಲೆಯಲ್ಲಿ ಬರಿಯ 2, 13, 5 ಎಂಬ ಮೂರು ಅಂಕೆಗಳನ್ನು ಕಂಡ ಪರಸ್ಥಳದವನೊಬ್ಬನು ಆಣೆಯನ್ನೇ ಮೊದಲು ಬರೆದಿದ್ದಾರೆಂದು ತಿಳಿದರೆ ಏನಾದೀತು? 5 ಎಕರೆ 13 ಗುಂಟೆ 2 ಆಣೆ ಎಂದು ಓದಿ, 3410 ಆಣೆ ಎಂದು ಲೆಕ್ಕ ಹಾಕುವನು. ತೋಟ ಇಮ್ಮಡಿಗೂ ಮಿಕ್ಕಿ ಬೆಳೆಯಿತು! ಅವನ ಗುಣಾಕಾರದಲ್ಲಿ ದೋಷವಿಲ್ಲ. ಕಾಗದದ ಮೇಲಿನ ಅಂಕೆಗಳಲ್ಲಿಯೂ ದೋಷವಿಲ್ಲ. ದೊಡ್ಡದು ಯಾವ ತುದಿಯಲ್ಲಿದೆ ಎಂಬ ಕರಾರು ಮಾತ್ರ ಅವನಿಗೆ ತಿಳಿದಿರಲಿಲ್ಲ. ಆ ಕರಾರು ಅಂಕೆಗಳೊಳಗೆ ಎಲ್ಲಿಯೂ ಬರೆದಿರಲಿಲ್ಲ.

ಇನ್ನು ಬೈಟು ಎಂದರೇನು? ಗಣಕದ ನೆನಪಿನಲ್ಲಿ ಇರುವುದು ಹೌದು-ಅಲ್ಲ ಎಂಬ ಎರಡೇ ಸ್ಥಿತಿಯ ಚಿಕ್ಕ ಮನೆಗಳು. ಒಂದೊಂದು ಮನೆಗೂ ಬಿಟ್ ಎಂದು ಹೆಸರು. ಇಂಥ ಎಂಟು ಮನೆಗಳ ಒಂದು ಕಟ್ಟೇ ಬೈಟು. ಈ ಹೆಸರನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಜ್ ಎಂಬವರು ಇಟ್ಟರು; ಎಂಟೇ ಬಿಟ್ ಇರಬೇಕೆಂಬ ಪದ್ಧತಿ ನೆಲೆಯೂರಿದ್ದು 1964ರಲ್ಲಿ ಅದೇ ಸಂಸ್ಥೆಯ ಸಿಸ್ಟಮ್ 360 ಯಂತ್ರಗಳು ಬಂದ ಮೇಲೆ. ಎಂಟು ಮನೆಗಳಲ್ಲಿ 256 ಬಗೆಯ ವಿನ್ಯಾಸ ಸಾಧ್ಯ. ಆದುದರಿಂದ ಒಂದು ಬೈಟು 0ಯಿಂದ 255ರವರೆಗಿನ ಸಂಖ್ಯೆಯನ್ನು ಹಿಡಿದೀತು. ಅದಕ್ಕಿಂತ ದೊಡ್ಡ ಸಂಖ್ಯೆ ಬೇಕಾದಾಗ ಬೈಟುಗಳನ್ನು ಸಾಲಾಗಿ ಇಡಬೇಕು. ನಮ್ಮ ಎಣಿಕೆಯಲ್ಲಿ ಹತ್ತಾದೊಡನೆ ಮುಂದಿನ ಸ್ಥಾನಕ್ಕೆ ಹೋಗುವಂತೆ ಇಲ್ಲಿ 256 ಆದೊಡನೆ ಮುಂದಿನ ಸ್ಥಾನ. ಆಣೆ 16ಕ್ಕೆ ತಿರುಗುತ್ತದೆ, ಗುಂಟೆ 40ಕ್ಕೆ ತಿರುಗುತ್ತದೆ, ಬೈಟು 256ಕ್ಕೆ ತಿರುಗುತ್ತದೆ, ವ್ಯತ್ಯಾಸ ಅಷ್ಟೇ.

ಮೇಲಿನ 1493ನ್ನೇ ತೆಗೆದುಕೊಳ್ಳೋಣ. ಅದನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 213. ಅಂದರೆ 5 ಮತ್ತು 213 ಎಂಬ ಎರಡು ಬೈಟುಗಳಲ್ಲಿ ಇಡೀ ಸಂಖ್ಯೆ ಅಡಗಿತು. ಇಲ್ಲಿ ಒಂದು ಗೊಂದಲವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ಪರದೆಯ ಮೇಲೆ ಬರೆಹವಾಗಿ ಕಾಣುವ ‘1493’ ಬೇರೆ, ಲೆಕ್ಕಕ್ಕೆ ಒದಗುವ 1493 ಬೇರೆ. ಬರೆಹದ ‘1493’ ನಾಲ್ಕು ಚಿಹ್ನೆಗಳ ಸಾಲು. ಅದರ ಬೈಟುಗಳು 49, 52, 57, 51. ಇದನ್ನೇ ನಮ್ಮ ಕನ್ನಡ ಅಂಕೆಗಳಲ್ಲಿ ‘೧೪೯೩’ ಎಂದು ಬರೆದರೆ, ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಅಂಕೆಗೆ ಮೂರು ಬೈಟುಗಳಂತೆ ಹನ್ನೆರಡು ಬೈಟು ಬೇಕು. ‘೧’ ಒಂದಕ್ಕೇ 224, 179, 167 ಎಂಬ ಮೂರು. ಒಂದೇ ಸಂಖ್ಯೆ ಎರಡು ಬೈಟಿನಲ್ಲಿಯೂ ಇದೆ, ನಾಲ್ಕರಲ್ಲಿಯೂ ಇದೆ, ಹನ್ನೆರಡರಲ್ಲಿಯೂ ಇದೆ. ಬೈಟುಗಳನ್ನು ಕಂಡಮಾತ್ರಕ್ಕೆ ಇದು ಯಾವ ವೇಷವೆಂದು ಹೇಳುವಂತಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. 5 ಮತ್ತು 213 ಇವುಗಳಲ್ಲಿ ಮೊದಲು ಯಾವುದನ್ನು ಇಡಬೇಕು?

ಇದರಲ್ಲಿ ಪ್ರಶ್ನೆಯೇನಿದೆ, ದೊಡ್ಡ ಸ್ಥಾನವೇ ಮೊದಲು ಎಂದು ಕೆಲವರು ಹೇಳಬಹುದು. ಆದರೆ ಶಿರಸಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕನ್ನಡದವನು ‘ಇಪ್ಪತ್ತೈದು’ ಎನ್ನುತ್ತಾನೆ. ಇಪ್ಪತ್ತು ಮುಂದೆ, ಐದು ಹಿಂದೆ. ಪಕ್ಕದ ಅಂಗಡಿಯ ಮರಾಠಿಗನು ‘ಪಂಚವೀಸ’ ಎನ್ನುತ್ತಾನೆ. ಐದು ಮುಂದೆ, ಇಪ್ಪತ್ತು ಹಿಂದೆ. ಕೊಂಕಣಿಯವರದೂ ಉರ್ದುವಿನವರದೂ ಇದೇ ದಾರಿ. ನಾವು ತಾರೀಖನ್ನು ದಿನ, ತಿಂಗಳು, ವರ್ಷ ಎಂದು ಚಿಕ್ಕದರಿಂದ ಬರೆಯುತ್ತೇವೆ. ಹೊತ್ತನ್ನು ಗಂಟೆ, ನಿಮಿಷ, ಸೆಕೆಂಡು ಎಂದು ದೊಡ್ಡದರಿಂದ ಹೇಳುತ್ತೇವೆ. ಒಂದೇ ಅರ್ಜಿಯಲ್ಲಿ ಈ ಎರಡೂ ಇರುತ್ತವೆ. ಕರಾರು ಎಲ್ಲರಿಗೂ ಗೊತ್ತಿರುವುದರಿಂದ ಯಾರಿಗೂ ತೊಡಕಾಗುವುದಿಲ್ಲ.

ಸಂಗೀತ ಬಲ್ಲವರಿಗೆ ಇದಕ್ಕಿಂತ ಸೊಗಸಾದ ನಿದರ್ಶನವೊಂದಿದೆ. ನಮ್ಮ ಸೀಮೆಯಲ್ಲಿ ಹಿಂದೂಸ್ಥಾನಿಯ ಒಲವು ಹೆಚ್ಚೆಂಬುದು ನಿಜ. ಆದರೂ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರನ್ನು ಕೇಳದವರು ಕಡಿಮೆ. ಆ ಹೆಸರುಗಳ ಮೊದಲ ಎರಡು ಅಕ್ಷರಗಳಲ್ಲಿ ರಾಗದ ಕ್ರಮಸಂಖ್ಯೆ ಅಡಗಿದೆ. ಕಟಪಯಾದಿ ಎಂಬ ಈ ಪದ್ಧತಿಯಲ್ಲಿ ಕ, ಟ, ಪ, ಯ ಇವು ನಾಲ್ಕೂ ಒಂದು. ಅವುಗಳಿಂದ ಮುಂದಕ್ಕೆ ಎಣಿಸುತ್ತ ಹೋಗಬೇಕು. ಅಂಕೆಗಳು ಎಡಕ್ಕೆ ನಡೆಯುತ್ತವೆ ಎಂಬುದು ಅದರ ಹಳೆಯ ನಿಯಮ; ಅಂದರೆ ಮೊದಲ ಅಕ್ಷರ ಬಿಡಿಸ್ಥಾನ, ಎರಡನೆಯದು ಹತ್ತರ ಸ್ಥಾನ. ಧೀರಶಂಕರಾಭರಣದಲ್ಲಿ ‘ಧ’ ಒಂಬತ್ತು, ‘ರ’ ಎರಡು. ತಿರುವಿ ಓದಿದರೆ 29, ಅದೇ ಅದರ ಸಂಖ್ಯೆ. ನಿಯಮ ತಿಳಿಯದವನು 92 ಎಂದು ಓದಿದನೆನ್ನಿ. ಇರುವ ಮೇಳಗಳು 72 ಮಾತ್ರವಾದ್ದರಿಂದ ತಪ್ಪು ಅಲ್ಲಿಯೇ ಬಯಲಾಗುತ್ತದೆ. ಆದರೆ ಮಾಯಾಮಾಳವಗೌಳವನ್ನು ನೋಡಿ. ‘ಮ’ ಐದು, ‘ಯ’ ಒಂದು. ಸರಿಯಾದ ಸಂಖ್ಯೆ 15. ತಪ್ಪಾಗಿ ಓದಿದರೆ 51. ಐವತ್ತೊಂದನೆಯ ಮೇಳವೂ ಇದೆ, ಅದು ಕಾಮವರ್ಧಿನಿ. ಮೇಚಕಲ್ಯಾಣಿ 65, ತಿರುವಿದರೆ 56, ಷಣ್ಮುಖಪ್ರಿಯ. ರಾಗವೇ ಬದಲಾಯಿತು, ಆದರೆ ಬಂದುದೂ ಒಂದು ರಾಗವೇ ಆದ್ದರಿಂದ ಇದು ತಪ್ಪೆಂದು ಯಾರೂ ಕೂಗಿ ಹೇಳುವುದಿಲ್ಲ. 92 ಎಂಬ ತಪ್ಪು ನಿರುಪದ್ರವಿ, 51 ಎಂಬ ತಪ್ಪು ಉಪದ್ರವಿ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅಡಿಕೆಯ ತೂಕದಲ್ಲಿ ಇದು ಬರಲಿದೆ.

ಗಣಕಯಂತ್ರಗಳಲ್ಲಿಯೂ ಇಂಥ ಎರಡು ಪಂಗಡಗಳಾದವು. ಐಬಿಎಂನ ದೊಡ್ಡ ಯಂತ್ರಗಳು ದೊಡ್ಡ ಬೈಟನ್ನು ಮುಂದಿಟ್ಟವು. ಇಂಟೆಲ್ ಸಂಸ್ಥೆ 1972ರಲ್ಲಿ ಹೊರತಂದ 8008 ಎಂಬ ಸಂಸ್ಕಾರಕ ಚಿಕ್ಕ ಬೈಟನ್ನು ಮುಂದಿಟ್ಟಿತು. ಇಂದು ನಮ್ಮ ಮೇಜಿನ ಮೇಲಿರುವ ಬಹುತೇಕ ಗಣಕಗಳು ಈ ವಂಶದವೇ. ಚಿಕ್ಕದು ಮೊದಲು ಎಂಬುದಕ್ಕೆ ಕಾರಣವಿಲ್ಲದಿಲ್ಲ. ಆ ಸಂಸ್ಕಾರಕವು ಡೇಟಾಪಾಯಿಂಟ್ 2200 ಎಂಬ ಯಂತ್ರಕ್ಕಾಗಿ ಹುಟ್ಟಿದ ಯೋಜನೆ. ಆ ಯಂತ್ರವೋ ಒಂದೊಂದೇ ಬಿಟ್ ತೆಗೆದುಕೊಂಡು ಕೂಡುವಂಥದು. ಕೂಡುವಾಗ ಬಿಡಿಸ್ಥಾನದಿಂದಲೇ ಆರಂಭಿಸಬೇಕಲ್ಲವೇ? ಬಿಡಿಯನ್ನು ಕೂಡಿ, ಕೈಯಲ್ಲಿ ಒಂದನ್ನು ಹಿಡಿದು, ಮುಂದಿನ ಸ್ಥಾನಕ್ಕೆ ಹೋಗಬೇಕು. ಮೊದಲು ಬೇಕಾದುದು ಮೊದಲು ಕೈಗೆ ಸಿಕ್ಕರೆ ಅನುಕೂಲ. ಇತ್ತ ಗಣಕಗಳು ಪರಸ್ಪರ ಮಾತಾಡುವ ಅಂತರ್ಜಾಲದ ನಿಯಮಾವಳಿಯಲ್ಲಿ ದೊಡ್ಡದು ಮೊದಲು ಎಂದು ಗೊತ್ತುಪಡಿಸಿದರು. ಈ ಎರಡು ಪಕ್ಷಗಳ ಜಗಳವನ್ನು ಕಂಡು ಡ್ಯಾನಿ ಕೋಹೆನ್ ಎಂಬ ವಿದ್ವಾಂಸರು 1980ರ ಏಪ್ರಿಲ್ 1ರಂದು ಒಂದು ವಿನೋದಪೂರ್ಣ ಪ್ರಬಂಧ ಬರೆದರು. ಸ್ವಿಫ್ಟನ 1726ರ ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದಲೋ ಎಂದು ಜನ ಕಾದಾಡುತ್ತಾರಷ್ಟೆ. ಅಲ್ಲಿಂದಲೇ ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂಬ ಹೆಸರುಗಳನ್ನು ಅವರು ಗಣಕಶಾಸ್ತ್ರಕ್ಕೆ ತಂದರು. ಇಂಗ್ಲಿಷ್ ವಿಭಾಗದ ಮಿತ್ರರು ಸಂತೋಷಪಡಬೇಕಾದ ಸಂಗತಿ.

ಸರದಿ ತಿರುವಿದರೆ ಏನಾಗುವುದೆಂದು ನಮ್ಮ ಮೂರು ಊರುಗಳ ಹೆಸರುಗಳನ್ನೇ ಇಟ್ಟು ನಾನು ಪರೀಕ್ಷಿಸಿ ನೋಡಿದೆನು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತಿವೆ. ಅಕ್ಷರಕ್ಕೆ ಎರಡು ಬೈಟು ಕೊಡುವ ಯುಟಿಎಫ್-16 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯ ದೊಡ್ಡ ಬೈಟೂ 12. ಚಿಕ್ಕ ಬೈಟು 128ರಿಂದ 255ರೊಳಗೆ. ‘ಶ’ ಎಂದರೆ 12 ಮತ್ತು 182, ಅಂದರೆ 3254. ಇದನ್ನು ತಿರುವಿ ಓದಿದರೆ 182 ಮತ್ತು 12, ಅಂದರೆ 46604. ಆ ಪಟ್ಟಿಯಲ್ಲಿ 44032ರಿಂದ 55203ರವರೆಗೆ ಇರುವುದು ಕೊರಿಯಾ ದೇಶದ ಅಕ್ಷರಗಳು! ಶಿರಸಿ ಎಂಬ ಮಾತಿನಲ್ಲಿ ಶಕಾರ, ಗುಡಿಸು, ರಕಾರ, ಸಕಾರ, ಮತ್ತೊಂದು ಗುಡಿಸು ಹೀಗೆ ಐದು ಚಿಹ್ನೆಗಳು. ಐದಕ್ಕೆ ಐದೂ ಕೊರಿಯನ್ ಅಕ್ಷರಗಳಾಗಿಬಿಡುತ್ತವೆ. ಯಲ್ಲಾಪುರದ್ದೂ ಹೆಚ್ಚುಕಡಮೆ ಅದೇ ಗತಿ; ಅದರ ಪಕಾರವೊಂದು ಮಾತ್ರ ತಪ್ಪಿಸಿಕೊಂಡು ವಿಯೆಟ್ನಾಮ್, ಕಾಂಬೋಡಿಯಗಳ ಚಾಮ್ ಲಿಪಿಯನ್ನು ಸೇರುತ್ತದೆ. ಸಿದ್ದಾಪುರದ ಪ್ರವಾಸ ಇನ್ನೂ ದೂರದ್ದು. ಅದರ ಎರಡು ದಕಾರಗಳು ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿರುವ ವಾಯ್ ಲಿಪಿಯ ಚಿಹ್ನೆಗಳಾಗುತ್ತವೆ, ಪಕಾರ ಚಾಮ್ ಆಗುತ್ತದೆ, ಉಳಿದವು ಕೊರಿಯಾಕ್ಕೆ ಹೋಗುತ್ತವೆ. ಒಂದು ಬೈಟೂ ಕಳೆದಿಲ್ಲ, ಒಂದು ಬಿಟ್ಟೂ ಬದಲಾಗಿಲ್ಲ.

ಅಕ್ಷರಗಳ ವಿಷಯದಲ್ಲಿ ಇದು ನಗೆಪಾಟಲಿಗೆ ಮುಗಿಯುತ್ತದೆ, ಏಕೆಂದರೆ ಶಿರಸಿ ಕೊರಿಯನ್ ಆದರೆ ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಅಂಕೆಗಳ ವಿಷಯ ಹಾಗಲ್ಲ.

ಕಳೆದ ಸುಗ್ಗಿಯಲ್ಲಿ ಸಿದ್ದಾಪುರದ ಕಡೆಯ ಒಂದು ಖಾಸಗಿ ಅಡಿಕೆ ವಖಾರಿಗೆ ಹೋಗುವ ಪ್ರಸಂಗ ಬಂದಿತ್ತು. ಅಲ್ಲಿ ಹೊಸ ತೂಕದ ಯಂತ್ರ ಬಂದಿತ್ತು. ಗಣಕದಲ್ಲಿದ್ದ ಪ್ರೋಗ್ರಾಮು ಮಾತ್ರ ಹಳೆಯ ಯಂತ್ರದ ಕಾಲದ್ದು. ಚಾಲಿಯ ಚೀಲವನ್ನು ಇಟ್ಟೊಡನೆ ಯಂತ್ರದ ಮುಖದ ಮೇಲೆ ತೂಕ ಸರಿಯಾಗಿ ಮೂಡುತ್ತಿತ್ತು. ಗಣಕದಿಂದ ಹೊರಬೀಳುವ ಚೀಟಿಯಲ್ಲಿ ಬೇರೆಯೇ ಬರುತ್ತಿತ್ತು. ಯಂತ್ರದಲ್ಲಿ 65 ಕಿಲೋ 400 ಗ್ರಾಂ ಎಂದಿದ್ದರೆ ಚೀಟಿಯಲ್ಲಿ 358 ಕಿಲೋ 650 ಗ್ರಾಂ. ಲೆಕ್ಕ ಬರೆಯುವ ಹಿರಿಯರು ನಕ್ಕು ಹೇಳಿದರು: “ತಮ್ಮಾ, ಹೊಸ ಯಂತ್ರಕ್ಕೆ ಆಗೀಗ ಹುಚ್ಚು ಹಿಡಿಯುತ್ತದೆ. ಹುಚ್ಚು ತೂಕ ಬಂದರೆ ಹೊಡೆದುಹಾಕಿ ಕೈಯಿಂದ ಬರೆಯುತ್ತೇವೆ. ಸರಿ ಬಂದರೆ ಹಾಗೇ ಬಿಡುತ್ತೇವೆ.” ಈ ಕೊನೆಯ ಮಾತು ನನ್ನ ಮನಸ್ಸನ್ನು ಕೊರೆಯಿತು. ‘ಸರಿ’ ಎಂದು ಅವರು ಗುರುತಿಸುತ್ತಿದ್ದುದು ಹೇಗೆ? ಚೀಲವೊಂದಕ್ಕೆ ಇರಬಹುದಾದ ತೂಕದಂತೆ ಕಂಡರೆ ಸರಿ, ಕಾಣದಿದ್ದರೆ ಹುಚ್ಚು.

ತೂಕದ ಯಂತ್ರಗಳಲ್ಲಿ ಅನೇಕವು ತೂಕವನ್ನು ಬರೆಹದ ಚಿಹ್ನೆಗಳಾಗಿಯೇ ಕಳುಹಿಸುತ್ತವೆ. ಅಲ್ಲಿ ಈ ತೊಡಕಿಲ್ಲ. ಕೆಲವು ಬರಿಯ ಬೈಟುಗಳನ್ನು ಕಳುಹಿಸುತ್ತವೆ. ಇದು ಆ ಜಾತಿಯದು. ಹತ್ತು ಗ್ರಾಮಿಗೆ ಒಂದರಂತೆ ಎಣಿಸಿ 65.40 ಕಿಲೋವನ್ನು 6540 ಎಂಬ ಪೂರ್ಣಾಂಕ ಮಾಡಿ, 25 ಮತ್ತು 140 ಎಂಬ ಎರಡು ಬೈಟುಗಳಲ್ಲಿ ಅದು ಕಳುಹಿಸುತ್ತಿತ್ತು. ಪ್ರೋಗ್ರಾಮು ಅವುಗಳನ್ನು 140 ಮತ್ತು 25 ಎಂಬ ಸರದಿಯಲ್ಲಿ ಓದುತ್ತಿತ್ತು. 140ನ್ನು 256ರಿಂದ ಗುಣಿಸಿ 25 ಕೂಡಿಸಿದರೆ 35865. ಇದು ನಮ್ಮ 92ನೆಯ ಮೇಳ; ಎಲ್ಲರಿಗೂ ತಿಳಿಯುವ ತಪ್ಪು. ಆದರೆ ಚೀಲ 64.24 ಕಿಲೋ ತೂಗಿದಾಗ ಏನಾಗುತ್ತದೆ? 6424 ಎಂದರೆ 25 ಮತ್ತು 24. ತಿರುವಿದರೆ 24 ಮತ್ತು 25, ಅಂದರೆ 6169. ಚೀಟಿಯಲ್ಲಿ 61 ಕಿಲೋ 690 ಗ್ರಾಂ. ಇದು ಹುಚ್ಚು ತೂಕವಲ್ಲ, ಯಾರೂ ಹೊಡೆದುಹಾಕುವುದಿಲ್ಲ. ಕಿಲೋಗೆ 400 ರೂಪಾಯಿಯೆಂದು ಹಿಡಿದರೂ ಬೆಳೆಗಾರನಿಗೆ 1020 ರೂಪಾಯಿ ಖೋತಾ. 64.22 ಕಿಲೋ ತೂಗಿದ ಚೀಲ 56.57 ಆಗುತ್ತದೆ. 64.27 ಕಿಲೋ ತೂಗಿದ್ದು 69.37 ಆಗಿ ವಖಾರಿಯವರಿಗೇ ನಷ್ಟ. ನೂರು ಚೀಲಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಚೀಲಗಳ ತಪ್ಪು ಎದ್ದುಕಾಣುತ್ತದೆ. ಅವುಗಳನ್ನು ತಿದ್ದುತ್ತ ಹೋದ ಸಮಾಧಾನದಲ್ಲಿ ಉಳಿದ ನಾಲ್ಕೈದು ಚೀಟಿಗಳು ಯಾರ ಕಣ್ಣಿಗೂ ಬೀಳದೆ ಖತಾವಣಿ ಸೇರುತ್ತವೆ.

ಯಂತ್ರದ ಮುಖದ ತೂಕಕ್ಕೂ ಚೀಟಿಯ ತೂಕಕ್ಕೂ ಇರುವ ಅಂತರವನ್ನು ಒಂದು ಕಾಗದದಲ್ಲಿ ಬರೆಯುತ್ತ ಹೋದಾಗ 2.55, 5.10, 7.65 ಎಂಬ ಸಂಖ್ಯೆಗಳು ಬಂದವು. ಎಲ್ಲವೂ 255ರ ಗುಣಕಗಳು. ಇದರ ರಹಸ್ಯ ಹಳೆಯ ಕೀರ್ದಿ ಬರೆಯುವವರಿಗೆ ಇನ್ನೊಂದು ರೂಪದಲ್ಲಿ ಗೊತ್ತೇ ಇದೆ. ಜಮೆ-ಖರ್ಚು ತಾಳೆಯಾಗದೆ ಉಳಿದ ಅಂತರ ಒಂಬತ್ತರಿಂದ ಭಾಗವಾದರೆ, ಎಲ್ಲಿಯೋ ಎರಡು ಅಂಕೆಗಳು ಅದಲುಬದಲಾಗಿವೆಯೆಂದು ಅವರು ಶಂಕಿಸುತ್ತಾರೆ. 5830ನ್ನು 5380 ಎಂದು ಬರೆದರೆ ಅಂತರ 450, ಒಂಬತ್ತರ ಐವತ್ತುಪಟ್ಟು. ಅಂಕೆಯೊಂದು ಒಂದು ಸ್ಥಾನ ಮೇಲೇರಿದರೆ ಅದರ ಬೆಲೆ ಹತ್ತುಪಟ್ಟಾಗುತ್ತದೆ, ಅಂದರೆ ಒಂಬತ್ತುಪಟ್ಟು ಹೆಚ್ಚುತ್ತದೆ. ಹತ್ತರ ಎಣಿಕೆಗೆ ಒಂಬತ್ತು ಇದ್ದಂತೆ 256ರ ಎಣಿಕೆಗೆ 255. ಬೈಟುಗಳು ಎರಡಿರಲಿ, ನಾಲ್ಕಿರಲಿ, ಅವುಗಳನ್ನು ಹೇಗೆಯೇ ಕಲಸಿದರೂ ಅಂತರ 255ರಿಂದ ಭಾಗವಾಗಿಯೇ ತೀರುತ್ತದೆ. ಇದನ್ನು ಹೇಳಿದಾಗ ಆ ಹಿರಿಯರು ಯಂತ್ರವನ್ನು ಬಿಟ್ಟು ನನ್ನ ಕಾಗದವನ್ನು ಓದತೊಡಗಿದರು; ಒಂಬತ್ತರ ಉಪಾಯದಿಂದ ಅವರು ಎಷ್ಟೋ ದೀಪಾವಳಿಗಳ ಲೆಕ್ಕ ಮುಗಿಸಿದವರು.

ಸರದಿಯೊಂದೇ ಕರಾರಲ್ಲ, ಚಿಹ್ನೆಯ ಕರಾರೂ ಒಂದಿದೆ. ಬೈಟಿನಲ್ಲಿ ಋಣಚಿಹ್ನೆ ಬರೆಯಲು ಜಾಗವಿಲ್ಲ. ಅದಕ್ಕೆ ಗಣಕದವರು ಮಾಡಿಕೊಂಡ ಉಪಾಯ ನಮ್ಮ ಸಂವತ್ಸರಚಕ್ರವನ್ನು ಹೋಲುತ್ತದೆ. ಪ್ರಭವ ಮೊದಲನೆಯ ಸಂವತ್ಸರ. ಅದರಿಂದ ಒಂದು ಹೆಜ್ಜೆ ಹಿಂದೆ ಹೋದರೆ ಅರುವತ್ತನೆಯದಾದ ಅಕ್ಷಯ. ಹಾಗೆಯೇ ಎರಡು ಬೈಟುಗಳ ಚಕ್ರದಲ್ಲಿ ಸೊನ್ನೆಯಿಂದ ಒಂದು ಹೆಜ್ಜೆ ಹಿಂದಿಟ್ಟರೆ 65535. ಅದನ್ನೇ ಋಣ ಒಂದು ಎಂದು ಓದಬೇಕೆಂದು ಕರಾರು ಮಾಡಿಕೊಂಡರೆ 65535 ಎಂಬ ಸಂಖ್ಯೆ ಇಲ್ಲವಾಗುತ್ತದೆ. ಮಾಡಿಕೊಳ್ಳದಿದ್ದರೆ ಋಣಸಂಖ್ಯೆ ಇಲ್ಲವಾಗುತ್ತದೆ. ಚೀಲ ಇಳಿಸಿದ ಮೇಲೆ ತಕ್ಕಡಿ ಸೊನ್ನೆಗಿಂತ 20 ಗ್ರಾಂ ಕೆಳಗೆ ನಿಂತಿತೆನ್ನಿ. ಯಂತ್ರ ಋಣ 2 ಎಂದು ಕಳುಹಿಸುತ್ತದೆ; ಚಿಹ್ನೆಯ ಕರಾರು ತಿಳಿಯದ ಪ್ರೋಗ್ರಾಮು 65534 ಎಂದು ಓದಿ, ಬರಿದಾದ ತಕ್ಕಡಿಯ ಮೇಲೆ 655 ಕಿಲೋ ಅಡಿಕೆಯಿದೆ ಎನ್ನುತ್ತದೆ.

ಮೂರನೆಯದು ಅಗಲದ ಕರಾರು. ಹಳೆಯ ಕಾಗದಪತ್ರದಲ್ಲಿ ಬರಿಯ ಕ್ರೋಧಿ ಸಂವತ್ಸರ ಎಂದಿದ್ದರೆ ಅದು 1964-65 ಇರಬಹುದು, 2024-25 ಇರಬಹುದು. ಅರುವತ್ತರ ಚಕ್ರದ ಅಗಲ ಅಷ್ಟೇ. ಅನೇಕ ಗಣಕಗಳು 1970ರಿಂದ ಕಳೆದ ಸೆಕೆಂಡುಗಳನ್ನು ನಾಲ್ಕು ಬೈಟಿನ ಚಿಹ್ನೆಸಹಿತ ಪೂರ್ಣಾಂಕದಲ್ಲಿ ಎಣಿಸುತ್ತ ಬಂದಿವೆ. ಅದರ ಮಿತಿ 2147483647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬುತ್ತದೆ. ತಿದ್ದದೆ ಬಿಟ್ಟ ಯಂತ್ರಗಳು ಮರುಸೆಕೆಂಡಿಗೆ 1901ರ ಡಿಸೆಂಬರಿಗೆ ಜಿಗಿಯುತ್ತವೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ಹಾರಿದ ನಲವತ್ತು ಸೆಕೆಂಡಿನೊಳಗೆ ನಾಶವಾದದ್ದು ಇಂಥ ಅಗಲದ ತೊಡಕಿನಿಂದಲೇ. ಎಂಟು ಬೈಟಿನ ದಶಮಾಂಶ ಸಂಖ್ಯೆಯೊಂದನ್ನು 32767ಕ್ಕೆ ಮುಗಿಯುವ ಎರಡು ಬೈಟಿನ ಪೂರ್ಣಾಂಕದಲ್ಲಿ ಹಿಡಿಸಹೊರಟರು, ಅದು ಹಿಡಿಸಲಿಲ್ಲ. ಆ ಪ್ರೋಗ್ರಾಮು ನಿಧಾನವಾಗಿ ಏರುತ್ತಿದ್ದ ಏರಿಯಾನ್-4ಕ್ಕಾಗಿ ಬರೆದದ್ದು. ಅಲ್ಲಿ ಅದು ಸರಿಯಾಗಿಯೇ ನಡೆಯುತ್ತಿತ್ತು.

ಇಂದು ಕಾಲೇಜುಗಳಲ್ಲಿ ಕಲಿಸುವ ಪೈಥಾನ್ ಭಾಷೆಯಲ್ಲಿ ಈ ಮಾರ್ಪಾಟಿಗೆ ‘ಫ್ರಮ್ ಬೈಟ್ಸ್’, ‘ಟು ಬೈಟ್ಸ್’ ಎಂಬ ಎರಡು ಸಿದ್ಧ ಉಪಕರಣಗಳಿವೆ. ಮೊದಲನೆಯದಕ್ಕೆ ಬೈಟುಗಳನ್ನು ಕೊಟ್ಟು, ಯಾವ ತುದಿ ಮುಂದೆ, ಚಿಹ್ನೆಯುಂಟೋ ಇಲ್ಲವೋ ಎಂದು ಹೇಳಬೇಕು. ಎರಡನೆಯದಕ್ಕೆ ಎಷ್ಟು ಬೈಟು ಬೇಕೆಂಬುದನ್ನೂ ಹೇಳಬೇಕು. ಅಷ್ಟರಲ್ಲಿ ಸಂಖ್ಯೆ ಹಿಡಿಸದಿದ್ದರೆ ಅದು ಸುಮ್ಮನೆ ಕತ್ತರಿಸದೆ, ಆಗದೆಂದು ನಿಂತುಬಿಡುತ್ತದೆ. 2022ರ ಪೈಥಾನ್ 3.11ಕ್ಕಿಂತ ಹಿಂದೆ ಸರದಿಯನ್ನು ಹೇಳದಿದ್ದರೆ ಉಪಕರಣ ಕೆಲಸವನ್ನೇ ಆರಂಭಿಸುತ್ತಿರಲಿಲ್ಲ. ಈಗ ಹೇಳದಿದ್ದರೆ ದೊಡ್ಡದು ಮೊದಲು ಎಂದು ತಾನೇ ಭಾವಿಸುತ್ತದೆ. ಬರೆಯುವವರಿಗೆ ಇದು ಅನುಕೂಲವಿರಬಹುದು. ನನಗೇನೋ ಹಳೆಯ ಹಟವೇ ಮೇಲೆನಿಸುತ್ತದೆ.

ಯುಟಿಎಫ್-16ರಲ್ಲಿ ಬರೆದ ಕಡತಗಳಿಗೆ ಒಂದು ಚೆಲುವಾದ ಉಪಾಯವುಂಟು. ನಮ್ಮ ಹಿರಿಯರು ಪತ್ರದ ನೆತ್ತಿಯಲ್ಲಿ ‘ಶ್ರೀ’ ಬರೆಯುವಂತೆ, ಕಡತದ ಮೊದಲಿಗೆ 65279 ಎಂಬ ಸಂಖ್ಯೆಯ ಗುರುತನ್ನು ಇಡುತ್ತಾರೆ. ಅದರ ಬೈಟುಗಳು 254 ಮತ್ತು 255. ತಿರುವಿ ಓದಿದರೆ 65534 ಆಗುತ್ತದೆ. ಆ ಸ್ಥಾನವನ್ನು ಯಾವ ಭಾಷೆಯ ಯಾವ ಅಕ್ಷರಕ್ಕೂ ಕೊಡದೆ ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಓದುವ ಪ್ರೋಗ್ರಾಮಿಗೆ 65534 ಎದುರಾದರೆ, ತಾನು ಕಾಗದವನ್ನು ತಲೆಕೆಳಗಾಗಿ ಹಿಡಿದಿರುವೆನೆಂದು ಅದು ತಿಳಿದುಕೊಳ್ಳುತ್ತದೆ.

ತೂಕದ ಬೈಟುಗಳಿಗೆ ಇಂಥ ಗುರುತಿಲ್ಲ. ಎಲ್ಲ ಜೋಡಿಗಳೂ ಒಂದೊಂದು ತೂಕವೇ. ಅಲ್ಲಿ ಉಳಿಯುವ ದಾರಿ, ತೂಕ ಗೊತ್ತಿರುವ ವಸ್ತುವನ್ನು ಇಟ್ಟು ನೋಡುವುದು. ವಖಾರಿಯಲ್ಲಿ ಮುದ್ರೆಯೊತ್ತಿದ 5 ಕಿಲೋ ತೂಕದ ಕಲ್ಲನ್ನು ಯಂತ್ರದ ಮೇಲಿಟ್ಟೆವು. 500 ಎಂದರೆ 1 ಮತ್ತು 244, ತಿರುವಿದರೆ 62465. ಚೀಟಿಯಲ್ಲಿ 624 ಕಿಲೋ 650 ಗ್ರಾಂ ಬಂದಿತು. ಪ್ರೋಗ್ರಾಮಿನಲ್ಲಿ ಸರದಿ ಹೇಳುವ ಒಂದೇ ಮಾತನ್ನು ಬದಲಿಸಿ ಅದೇ ಕಲ್ಲನ್ನು ಮತ್ತೆ ಇಟ್ಟಾಗ 5 ಕಿಲೋ ಬಂದಿತು. ಆಮೇಲೆ ಆ ವಾರದ ಚೀಟಿಗಳನ್ನೆಲ್ಲ ತೆಗೆಸಿದೆವು. ಕೈಯಿಂದ ಬರೆಯದೆ ಬಿಟ್ಟಿದ್ದ ಒಂದೊಂದು ತೂಕವನ್ನೂ 256ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಅದಲುಬದಲು ಮಾಡಿ ಕೂಡಿಸಿದರೆ, ಅಂದು ಯಂತ್ರ ತೋರಿಸಿದ್ದ ನಿಜವಾದ ತೂಕ ಮರಳಿ ದೊರೆಯುತ್ತಿತ್ತು. ಬೈಟುಗಳು ಎಲ್ಲಿಯೂ ಹೋಗಿರಲಿಲ್ಲವಷ್ಟೆ. ಏಳು ಚೀಲಗಳ ತೂಕ ಬದಲಾಯಿತು: ಐದು ಚೀಲಗಳಿಗೆ ಬೆಳೆಗಾರರಿಗೆ ಹಣ ಸಲ್ಲಬೇಕಿತ್ತು, ಎರಡಕ್ಕೆ ವಖಾರಿಗೆ. ಹಿರಿಯರು ಏಳನ್ನೂ ಕೆಂಪು ಶಾಯಿಯಲ್ಲಿ ಕೀರ್ದಿಯಲ್ಲಿ ಬರೆದು, ಒಂದೊಂದರ ಮುಂದೆಯೂ ಅಂತರವನ್ನು 255ರಿಂದ ಭಾಗಿಸಿದ ಲೆಕ್ಕವನ್ನೂ ಬರೆದಿಟ್ಟರು.